ಖಾಲಿ ಕೇಸ್ ಹೆಕ್ಕುವುದು ಆಟವೇ, ಜೀತವೇ?

ತುಕ್ಕುಕೋವಿ: ಲೋಕ ಮುಳುಗಿದ ಮೇಲೆ ಒಂದೊಂದು ತೋಟೆಗೂ ಬೆಲೆ ಇರಬೇಕು. ಇದನ್ನು ಅರ್ಥ ಮಾಡಿಕೊಂಡ ವಿಡಿಯೋ ಗೇಮ್ 2010ರ ಫಾಲ್‌ಔಟ್: ನ್ಯೂ ವೇಗಸ್ ಒಂದೇ. ಹಾರಿಸಿದ ಮೇಲೆ ಖಾಲಿ ಕೇಸ್, ಅಂದರೆ ತೋಟೆಯ ಲೋಹದ ಕವಚ, ಕೈಗೆ ಸಿಗುತ್ತದೆ. ಮೇಜಿನ ಮುಂದೆ ನಿಂತು ಕೇಸ್, ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ತಳದ ಸಣ್ಣ ಬಟ್ಟಲು), ಮದ್ದು, ಸೀಸ ಸೇರಿಸಿ ಹೊಸ ತೋಟೆ ಕಟ್ಟಬಹುದು. 2015ರ ಫಾಲ್‌ಔಟ್ 4ರಲ್ಲಿ ಆ ಮೇಜನ್ನೇ ಎತ್ತಿಬಿಟ್ಟರು.

ಸುಮಾ_ಆಟಗಾರ್ತಿ: "ಬೆಲೆ ಇರಬೇಕು" ಅಂದಿರಿ, ಅಲ್ವಾ? ನಿಮ್ಮ ಆಟದಲ್ಲಿ ಹಾರ್ಡ್‌ಕೋರ್ ಮೋಡ್ (ಆಟವನ್ನು ಕಠಿಣ ಮಾಡುವ ಆಯ್ಕೆ) ಹಾಕದಿದ್ದರೆ ತೋಟೆಗೆ ತೂಕವೇ ಇಲ್ಲ. ಸಾವಿರಗಟ್ಟಲೆ ಹೊತ್ತು ಓಡಬಹುದು. ಮೆಟ್ರೋ 2033 ಆಟ ನೋಡಿ. ಯುದ್ಧಕ್ಕೆ ಮುಂಚಿನ ಒಳ್ಳೆಯ ತೋಟೆಯೇ ಅಲ್ಲಿ ದುಡ್ಡು. ಒಂದು ಸಲ ಟ್ರಿಗರ್ ಎಳೆದರೆ ಜೇಬು ಹಗುರ. ಅದಕ್ಕೆ ಯಾವ ಮೇಜೂ ಬೇಕಾಗಲಿಲ್ಲ.

ಲೆಕ್ಕಿಗ: ಒಳ್ಳೆಯ ತೋಟೆ ಉಳಿದಿರುವುದೇ ಅನುಮಾನ. ಫಾಲ್‌ಔಟ್‌ನಲ್ಲಿ ಯುದ್ಧ 2077ರಲ್ಲಿ, ನ್ಯೂ ವೇಗಸ್ ಕಥೆ 2281ರಲ್ಲಿ. 204 ವರ್ಷ! ಕಪ್ಪು ಮದ್ದನ್ನು ಜನ ಶತಮಾನಗಳಿಂದ ಕೈಯಲ್ಲೇ ಮಾಡಿದ್ದಾರೆ. ಆದರೆ ಬಡಿದ ಕೂಡಲೇ ಸಿಡಿಯುವ ಪ್ರೈಮರ್ ಎಲ್ಲಿಂದ ಬರುತ್ತೆ?

ತುಕ್ಕುಕೋವಿ: ಆಟ ಆಡಿದ್ದೀರಾ? ಬೇಡದ ತೋಟೆ ಬಿಚ್ಚಿದರೆ ಪ್ರೈಮರ್ ಸಿಗುತ್ತದೆ. ಕೇಸ್ ಚಿಂತೆಯೂ ಇಲ್ಲ. ಹಿತ್ತಾಳೆ ಕೇಸನ್ನು ಎಷ್ಟು ಸಲ ಬೇಕಾದರೂ ತುಂಬಬಹುದು.

ಹಳೇ_ಸೇವ್: "ಎಷ್ಟು ಸಲ ಬೇಕಾದರೂ"? ಪ್ರತಿ ಸಲ ಹಾರಿಸಿದಾಗಲೂ ಹಿತ್ತಾಳೆ ಹಿಗ್ಗುತ್ತದೆ, ಗಡುಸಾಗುತ್ತದೆ, ಕೊನೆಗೆ ಕುತ್ತಿಗೆ ಹತ್ತಿರ ಸೀಳುತ್ತದೆ. ಇನ್ನು ಯುರೋಪಿನ ಬರ್ಡನ್ ಕೇಸ್ ಸಿಕ್ಕರೆ ಮುಗಿಯಿತು. ಅದರ ತಳದಲ್ಲಿ ನಡುವೆ ಒಂದು ತೂತಿನ ಬದಲು ಪಕ್ಕಕ್ಕೆ ಎರಡು ಸಣ್ಣ ತೂತು. ಸೂಜಿ ಹಾಕಿ ತಳ್ಳಿದರೆ ಹಳೇ ಪ್ರೈಮರ್ ಹೊರಗೆ ಬರಲ್ಲ.

ಸುಮಾ_ಆಟಗಾರ್ತಿ: "ಯುರೋಪಿನ ಬರ್ಡನ್" ಅಂತೆ! ಹೈರಮ್ ಬರ್ಡನ್ ಅಮೆರಿಕದವರು. ನಡುವೆ ಒಂದೇ ತೂತಿನ ಕೇಸಿಗೆ ಹಾಕುವ ಬಾಕ್ಸರ್ ಪ್ರೈಮರ್ ಮಾಡಿದ ಎಡ್ವರ್ಡ್ ಬಾಕ್ಸರ್ ಇಂಗ್ಲೆಂಡಿನವರು. ತಲೆಕೆಳಗೆ ಹೇಳಬೇಡಿ.

ಹಳೇ_ಸೇವ್: ಮನುಷ್ಯ ಎಲ್ಲಿಯವರು ಅಂತ ನಾನು ಹೇಳಲೇ ಇಲ್ಲ. ಬಳಕೆ ಎಲ್ಲಿ ಅಂತ ಹೇಳಿದೆ. ಅಮೆರಿಕದಲ್ಲಿ ಬಾಕ್ಸರ್ ನೆಲೆಯೂರಿತು, ಯುರೋಪಿನ ಸೈನ್ಯಗಳಲ್ಲಿ ಬರ್ಡನ್.

ಸುಮಾ_ಆಟಗಾರ್ತಿ: ಬರೆದದ್ದು "ಯುರೋಪಿನ ಬರ್ಡನ್". ಓದುವವರು ಬರೆದದ್ದನ್ನೇ ಓದುತ್ತಾರೆ.

ತುಕ್ಕುಕೋವಿ: ಅವರ ಊರು ಬಿಡಿ. "ಹೊರಗೆ ಬರಲ್ಲ" ಅನ್ನುವುದೇ ತಪ್ಪು. ಕೇಸಿಗೆ ನೀರು ತುಂಬಿ, ಬಾಯಿಗೆ ಸರಿಯಾಗಿ ಕೂರುವ ಕಡ್ಡಿ ಇಟ್ಟು ಬಡಿದರೆ ಆ ಒತ್ತಡಕ್ಕೆ ಪ್ರೈಮರ್ ಹೊರಗೆ ಬರುತ್ತದೆ.

ಹಳೇ_ಸೇವ್: ಸೂಜಿ ಹಾಕಿ ತಳ್ಳಿದರೆ ಬರಲ್ಲ ಅಂದೆ. ಪೂರ್ತಿ ಓದಿ! ಅರ್ಧ ವಾಕ್ಯ ಕಿತ್ತು ಜಗಳ ಆಡುವುದು ಸುಮ್ನೆ ಟೈಮ್ ಹಾಳು.

ಲೆಕ್ಕಿಗ: ನನ್ನ ಪ್ರೈಮರ್ ಪ್ರಶ್ನೆಗೆ ಉತ್ತರ ಬರಲಿಲ್ಲ. ಬಿಚ್ಚಿದ ತೋಟೆಯ ಪ್ರೈಮರ್ ಮೊದಲು ಎಲ್ಲೋ ತಯಾರಾಗಿರಲೇಬೇಕು. ಎರಡು ಶತಮಾನ ಯಾರು ಮಾಡುತ್ತಿದ್ದರು?

ಮರಳು_77: ಮೇಜು ಎತ್ತಿಬಿಟ್ಟರು ಅನ್ನೋರಿಗೆ: 2016ರ ಕಾಂಟ್ರಾಪ್ಶನ್ಸ್ ವರ್ಕ್‌ಶಾಪ್ ಆಡ್‌-ಆನ್‌ನಲ್ಲಿ ಫಾಲ್‌ಔಟ್ 4ಕ್ಕೂ ತೋಟೆ ಮಾಡುವ ಯಂತ್ರ ಬಂತು. ನನಗಂತೂ ಅದೇ ಹಿತ. ಕೇಸ್ ಎಣಿಸುತ್ತಾ ಒಂದು ಇಡೀ ಸಂಜೆ ಕಳೆದಿದ್ದೇನೆ, ಕಥೆ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ.

ತುಕ್ಕುಕೋವಿ: "ಯಂತ್ರ" ಅಂತ ನೀವೇ ಹೇಳಿದಿರಿ. ಸ್ವಿಚ್ ಹಾಕಿದರೆ ಪೆಟ್ಟಿಗೆಗಟ್ಟಲೆ ತೋಟೆ ಉದುರುವುದು ಕಾರ್ಖಾನೆ. ನಾನು ಕೇಳಿದ್ದು ಕೈಕೆಲಸ.

ಹಳೇ_ಸೇವ್: ಆ ಕಡ್ಡಿ ಅಳತೆಗೆ ಸರಿಯಾಗಿ ಕೂರದಿದ್ದರೆ ನೀರು ಮೇಲಕ್ಕೇ ಚಿಮ್ಮುತ್ತದೆ, ಪ್ರೈಮರ್ ಅಲ್ಲೇ ಇರುತ್ತದೆ. ಇದನ್ನೂ ಬರೆಯಿರಿ.