ಅಕ್ಷರ ಹಿಂದುಮುಂದಾದ ಪದಕ್ಕೆ ಏನನ್ನೋಣ? ಪಲ್ಲಟವೋ, ತಾರುಮಾರೋ?

ಗೆಳೆಯರೇ,

ಹೋದ ತಿಂಗಳು ತಂಗಿಯ ಮದುವೆ ಕಾರ್ಡಿನ ಪ್ರೂಫ್ ಬಂತು. ಅಪ್ಪ ಓದಿದರು, ದೊಡ್ಡಮ್ಮ ಓದಿದರು, ನಾನು ಎರಡು ಸಲ ಓದಿದೆ. ಎಲ್ಲ ಸರಿ ಇದೆ ಅಂತ ವಾಪಸ್ ಕಳಿಸುವಷ್ಟರಲ್ಲಿ, ಎರಡನೇ ಕ್ಲಾಸಿನ ಅಣ್ಣನ ಮಗಳು ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದಳು. "ಆ... ಶೀ... ವಾರ್... ದ. ಚಿಕ್ಕಪ್ಪ, ಆಶೀವಾರ್ದ ಅಂದ್ರೆ ಏನು?"

ನೋಡಿದರೆ ಹೌದು, 'ಆಶೀವಾರ್ದವೇ ಉಡುಗೊರೆ' ಅಂತಲೇ ಇತ್ತು! ಮೂವರು ದೊಡ್ಡವರ ಕಣ್ಣಿಗೆ ಬೀಳದ್ದು ಅವಳ ಕಣ್ಣಿಗೆ ಬಿತ್ತು. ಅವಳು ಇನ್ನೂ ಅಕ್ಷರ ಕೂಡಿಸಿ ಓದುತ್ತಾಳೆ. ನಮಗೆ 'ಆಶೀ' ಅನ್ನುವಷ್ಟರಲ್ಲೇ ಉಳಿದದ್ದು ತಲೆಯಲ್ಲಿ ಸಿದ್ಧವಾಗಿರುತ್ತದೆ, ಅದೂ ಮದುವೆ ಕಾರ್ಡಿನಲ್ಲಿ.

'ಕನಾರ್ಟಕ'ವನ್ನೂ ನೀವೆಲ್ಲ ನೋಡಿರುತ್ತೀರಿ. ಇದರ ಮೂಲ ಅರ್ಕಾವತ್ತು. ಬಾಯಲ್ಲಿ 'ರ್' ಮೊದಲು ಬರುತ್ತದೆ, ಬರಹದಲ್ಲಿ ಮುಂದಿನ ಅಕ್ಷರದ ಬೆನ್ನಿಗೆ ಕೂರುತ್ತದೆ. ಕಾಗದದ ಮೇಲೆ ಬರೆದ ಹಾಗೆಯೇ 'ನಾ' ಒತ್ತಿ ಆಮೇಲೆ 'ರ್' ಒತ್ತಿದರೆ, ಉಚ್ಚಾರಣೆಯ ಕ್ರಮದಲ್ಲೇ ಅಕ್ಷರ ಜೋಡಿಸುವ ಕಂಪ್ಯೂಟರ್ ಸಂಕೇತವಾದ ಯುನಿಕೋಡ್‌ನಲ್ಲಿ ಅದು ಹಾರಿ 'ಟ'ದ ಬೆನ್ನಿಗೆ ಕೂರುತ್ತದೆ. ಹಳೆಯ ಫಾಂಟಿನ ಬರಹವನ್ನು ಯುನಿಕೋಡಿಗೆ ಬದಲಾಯಿಸುವಾಗಲೂ ಹೀಗಾಗುವುದುಂಟು.

ಇಂಗ್ಲಿಷಿನಲ್ಲಿ ಈ ವಿಷಯ ದೊಡ್ಡ ಸುದ್ದಿಯಾಗಿದ್ದು 2003ರಲ್ಲಿ. ಮೊದಲ ಮತ್ತು ಕೊನೆಯ ಅಕ್ಷರ ಸರಿ ಇದ್ದರೆ ಸಾಕು, ನಡುವಿನವು ಹೇಗಿದ್ದರೂ ಓದಬಹುದು, ಇದು ಕೇಂಬ್ರಿಜ್‌ನ ಸಂಶೋಧನೆ ಅಂತ ಒಂದು ಮೇಲ್ ಎಲ್ಲೆಡೆ ಹರಿದಾಡಿತು. ಕೇಂಬ್ರಿಜ್‌ನಲ್ಲಿ ಅಂಥ ಸಂಶೋಧನೆ ನಡೆದಿರಲಿಲ್ಲ. ಅಲ್ಲೇ ಭಾಷೆ ಮತ್ತು ಮೆದುಳಿನ ಸಂಶೋಧನೆ ಮಾಡುತ್ತಿದ್ದ ಮ್ಯಾಟ್ ಡೇವಿಸ್ ಅದನ್ನು ಬಿಡಿಸಿ ಬರೆದರು. ಅಕ್ಷರದ ಜಾಗದ ಬಗ್ಗೆ ನಿಜವಾಗಿ ಪಿಎಚ್‌ಡಿ ಮಾಡಿದವರು ಗ್ರಹಾಂ ರಾಲಿನ್ಸನ್, ನಾಟಿಂಗ್‌ಹ್ಯಾಮ್‌ನಲ್ಲಿ, 1976ರಲ್ಲೇ. 'ಹೇಗಿದ್ದರೂ' ಅನ್ನುವುದೂ ಜಾಸ್ತಿಯಾಯಿತು. ಮನೋವಿಜ್ಞಾನಿ ಕೀತ್ ರೇನರ್ ಮತ್ತು ಜೊತೆಗಾರರು 2006ರಲ್ಲಿ ಅಳೆದು ನೋಡಿದಾಗ, ನಡುವಿನ ಅಕ್ಷರ ಅದಲುಬದಲಾದರೆ ಓದಿನ ವೇಗ ಸುಮಾರು ಶೇ. 11 ಇಳಿಯಿತು, ಪದದ ಮೊದಲಿನವು ಕೆಟ್ಟರೆ ಶೇ. 36.

ಹೀಬ್ರೂ ಓದುವವರ ಕಥೆಯೇ ಬೇರೆ. ಅಲ್ಲಿ ಪದದ ಬೇರು ಸಾಮಾನ್ಯವಾಗಿ ಮೂರು ವ್ಯಂಜನ. ಅದರಲ್ಲಿ ಎರಡು ಜಾಗ ಬದಲಿಸಿದರೆ ಇನ್ನೊಂದು ಬೇರೇ ಆಗಿಬಿಡಬಹುದು, ಓದು ತಟ್ಟನೆ ನಿಲ್ಲುತ್ತದೆ.

ಹಾಗಾದರೆ ಕನ್ನಡದಲ್ಲಿ? ನಾನೇ ಕೂತು ಒಂದಷ್ಟು ಬರೆದು ನೋಡಿದೆ. 'ಮನೆ', 'ಹಾಲು' ಇವುಗಳಿಗೆ ನಡುವೆಯೇ ಇಲ್ಲ. 'ಮಾಕರುಟ್ಟೆ' ಅಂತ ಬರೆದರೆ ಸ್ವಲ್ಪ ತಡವರಿಸಿ ಮಾರುಕಟ್ಟೆ ಅಂತ ಹಿಡಿಯಬಹುದು. 'ಹುಡುಗಿ'ಯ ಗುಣಿತ ಮಾತ್ರ ಬದಲಿಸಿ 'ಹುಡಿಗು' ಮಾಡಿದರೆ ಕಣ್ಣು ಅಲ್ಲೇ ಮುಗ್ಗರಿಸುತ್ತದೆ. ಇನ್ನು 'ಮದ್ದವನೆರಿಲ್ಲಿಯಗೆ' ಓದಿ ನೋಡಿ. ಅದು 'ಮನೆಯಲ್ಲಿದ್ದವರಿಗೆ', ಮೊದಲಕ್ಷರ ಕೊನೆಯಕ್ಷರ ಎರಡೂ ಸರಿಯಾಗೇ ಇವೆ! ಇಂಗ್ಲಿಷಿನಲ್ಲಿ ಚಿಕ್ಕ ಚಿಕ್ಕ ಪದಗಳು ಕೆಡದೆ ಉಳಿದು ದಾರಿ ತೋರಿಸುತ್ತವೆ. ನಮ್ಮಲ್ಲಿ ಆ ಕೆಲಸ ಮಾಡುವ ಪ್ರತ್ಯಯ ಪದದ ಒಳಗೇ ಇರುತ್ತದೆ, ಅದೂ ಪುಡಿಯಾಗುತ್ತದೆ. ಅರ್ಕಾವತ್ತು ಮಾತ್ರ ಒಂದು ಮನೆ ಆಚೆ ಹೋದರೂ ನಮ್ಮ ಕಣ್ಣು ಸುಮ್ನೆ ದಾಟಿಬಿಡುತ್ತದೆ. ಅದರ ಜಾಗ ಮೊದಲೇ ಉಚ್ಚಾರಣೆಗೆ ಹೊಂದುವುದಿಲ್ಲವಲ್ಲ, ಅದಕ್ಕೇ ಇರಬೇಕು ಅನ್ನಿಸುತ್ತದೆ.

ಈಗ ನನ್ನ ಪ್ರಶ್ನೆ. ಇಂಥ ಪದವನ್ನು ಏನೆಂದು ಕರೆಯುವುದು? ಭಾಷಾವಿಜ್ಞಾನದವರ 'ವರ್ಣಪಲ್ಲಟ' ಇದೆ. ಆದರೆ ಅದು ನಾಲಿಗೆಯ ಕೆಲಸ. ವಾರಾಣಸಿ ಬನಾರಸ್ ಆಗಿದ್ದು ಹಾಗೆ, ರ ಮತ್ತು ಣ ಜಾಗ ಬದಲಿಸಿದವು, ಮಾತಿನಲ್ಲಿ ಅದೇ ನಿಂತುಬಿಟ್ಟಿತು. ನಾನು ಕೇಳುತ್ತಿರುವುದು ಕಾಗದದ ಮೇಲೆ ಆಗುವ ತಪ್ಪಿಗೆ. ಅದಕ್ಕೆ 'ಅಕ್ಷರಪಲ್ಲಟ' ಅಂದರೆ ಎರಡೂ ಬೇರೆಬೇರೆಯಾಗಿ ನಿಲ್ಲುತ್ತವೆ, ಅಲ್ವಾ? 'ಕಲಸುಮೇಲೋಗರ' ನನಗೆ ಒಪ್ಪಿಗೆಯಿಲ್ಲ. ಅದರಲ್ಲಿ ಬೇರೆಬೇರೆ ವಸ್ತು ಸೇರಿದ ಅರ್ಥವಿದೆ. ಇಲ್ಲಿ ಹೊಸದೇನೂ ಸೇರಿಲ್ಲ, ಇದ್ದವೇ ಜಾಗ ಬಿಟ್ಟಿವೆ. ಆ ಲೆಕ್ಕದಲ್ಲಿ 'ತಾರುಮಾರು' ಹತ್ತಿರ. 'ತಾರುಮಾರು ಪದ' ಅಂದರೆ ಮಕ್ಕಳಿಗೂ ಥಟ್ಟನೆ ತಿಳಿಯುತ್ತದೆ.

ಪ್ರೆಸ್ಸಿನಲ್ಲಿ ಕರಡು ತಿದ್ದುವವರು ಯಾರಾದರೂ ಇದ್ದೀರಾ? 'ಆಶೀವಾರ್ದ'ದಂಥ ತಪ್ಪಿಗೆ ನಿಮ್ಮಲ್ಲಿ ದಿನಬಳಕೆಯ ಹೆಸರೊಂದು ಇದ್ದೇ ಇರಬೇಕು. ಏನನ್ನುತ್ತೀರಿ?