ಅಪ್‌ಡೇಟ್: ದಿನಾ ಹಾಕೋಕೆ ಕಿತ್ತಳೆ-ನಿಂಬೆ ಪರಿಮಳದ ಪರ್ಫ್ಯೂಮ್ ಸಿಕ್ಕಿತು

ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರ್ತೀನಿ, 500 ರೂಪಾಯಿ ಒಳಗೆ ಹಣ್ಣಿನ ಘಮದ ಪರ್ಫ್ಯೂಮ್ ಬೇಕು, ಯಶವಂತಪುರ ಬರುವಷ್ಟರಲ್ಲಿ ಮಾಯವಾಗಬಾರದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಫಲ ಕೊಟ್ಟಿದ್ದು ಕೋಲಾರದ ಅಕ್ಕ ಒಬ್ಬರ ಸಲಹೆ. ಬ್ರ್ಯಾಂಡ್ ಬಿಡಿ, ಡಬ್ಬಿ ಮೇಲೆ 'ಓ ದ ಪರ್ಫಮ್' (Eau de Parfum) ಅಂತ ಇದೆಯಾ, ತಳದ ಪರಿಮಳದಲ್ಲಿ ಮಸ್ಕ್ (ಕಸ್ತೂರಿ ಥರದ ಘಮ) ಅಥವಾ ಸೀಡರ್ (ದೇವದಾರು ಮರದ ಘಮ) ಇದೆಯಾ ನೋಡಿ ಅಂದಿದ್ದರು. ನಿಂಬೆ, ಕಿತ್ತಳೆಯ ಪರಿಮಳ ಬೇಗ ಆವಿಯಾಗುತ್ತೆ. ಅದು ಹೋದ ಮೇಲೆ ಉಳಿಯೋದು ಈ ತಳದ ವಾಸನೆಯೇ. ಓ ದ ಪರ್ಫಮ್‌ನಲ್ಲಿ ಸುಗಂಧದ ಪ್ರಮಾಣ ಸುಮಾರು 15–20%, ಕಲೋನ್ ಅನ್ನೋ ಹಗುರ ಬಗೆಯಲ್ಲಿ 2–5% ಅಷ್ಟೇ. ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಗ್ರೇಪ್‌ಫ್ರೂಟ್ (ದ್ರಾಕ್ಷಿ ಅಲ್ಲ, ಚಕ್ಕೋತದಂಥ ಹಣ್ಣು) ಮತ್ತು ಮ್ಯಾಂಡರಿನ್ (ಒಂದು ಬಗೆಯ ಕಿತ್ತಳೆ) ಘಮ ಇರುವ ಚಿಕ್ಕ ಬಾಟಲಿ ಸಿಕ್ಕಿತು. ಮಧ್ಯಾಹ್ನದ ಊಟದವರೆಗೂ ಘಮ ಇರುತ್ತೆ. ತುಂಬಾ ಖುಷಿಯಾಗಿದೆ!

ಕಲೋನ್ ನನಗೆ ಆಗಲಿಲ್ಲ. ಹಾಕಿದಾಗ ಹಾಯಾಗಿರುತ್ತೆ, ಆದರೆ ನಿಲ್ಲಲ್ಲ. ಕ್ಯಾಲ್ವಿನ್ ಕ್ಲೈನ್ ಕಂಪನಿಯ ಸಿಕೆ ಒನ್ ಪರ್ಫ್ಯೂಮ್ ಹೇಳಿದವರೇ, 1994ರಿಂದ ಇರುವ ಅದರಲ್ಲಿ ಅನಾನಸ್, ಪರಂಗಿ, ಬರ್ಗಮಾಟ್ (ನಿಂಬೆ ಜಾತಿಯ ಹಣ್ಣು) ಎಲ್ಲದರ ಘಮ ಇದೆ ನಿಜ, ಬೆಲೆ ಮಾತ್ರ ನನ್ನ ಕೈಗೆ ಎಟುಕಲ್ಲ. ಹಚ್ಚುವ ಮೊದಲು ಚರ್ಮಕ್ಕೆ ಸ್ವಲ್ಪ ವ್ಯಾಸಲೀನ್ ಸವರಿ ಅಂದಿದ್ದು ಚೆನ್ನಾಗಿ ಕೆಲಸ ಮಾಡಿತು.

ಒಂದು ವಿಷಯ ಗೊತ್ತೇ ಇರಲಿಲ್ಲ. ಬರ್ಗಮಾಟ್ ಎಣ್ಣೆಯಲ್ಲಿ ಬರ್ಗಾಪ್ಟೆನ್ ಅನ್ನೋ ಅಂಶ ಇರುತ್ತೆ. ಅದು ಹಚ್ಚಿದ ಜಾಗಕ್ಕೆ ಬಿಸಿಲು ಬಿದ್ದರೆ ಚರ್ಮ ಕಪ್ಪಾಗಬಹುದು. ಅದನ್ನು ತೆಗೆದ ಎಣ್ಣೆಯೂ ಬರುತ್ತೆ, ಆದರೂ ಪ್ಲಾಟ್‌ಫಾರ್ಮ್ ಬಿಸಿಲಲ್ಲಿ ನಿಲ್ಲುವವರು ಕುತ್ತಿಗೆಗೆ ಬೇಡ, ಬಟ್ಟೆಗೆ ಹಾಕಿ. ಬಿಳಿ ಬಟ್ಟೆಯಾದರೆ ಮೊದಲು ಒಳಮಡಿಕೆಯಲ್ಲಿ ಹಾಕಿ ಕಲೆ ಬೀಳುತ್ತಾ ನೋಡಿಕೊಳ್ಳಿ.