ಹಳೇ ಗಾಡಿಗೆ ಸೆಕೆಂಡ್ ಹ್ಯಾಂಡ್ ಇಸಿಎಂ ಹಾಕಿಸ್ಬಹುದಾ?

ತೀರ್ಥಹಳ್ಳಿಯವ: 2007ರ ವ್ಯಾಗನ್ ಆರ್. ಮಳೆ ಹಿಡಿದಾಗಿಂದ ಓಡ್ತಾ ಓಡ್ತಾನೇ ಆಫ್ ಆಗ್ತದೆ. ಇಸಿಎಂ, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್, ಹೋಗಿದೆ ಅಂದ್ರು ಮೆಕ್ಯಾನಿಕ್. ಬೆಂಗಳೂರಿನ ಗುಜರಿಯಲ್ಲಿ ಒಂದು ಇದೆಯಂತೆ. ತಗೊಳ್ಳಲಾ? ಅಪ್ಪನ್ನ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ಬೇಕು.

ಗ್ಯಾರೇಜ್ ಶಿವಮೊಗ್ಗ: ಧಾರಾಳ ತಗೊಳ್ಳಿ. ಲೇಬಲ್ ಮೇಲೆ 33920 ಅಂತ ಶುರುವಾಗೋ ನಂಬರ್ ಕೊನೇ ಅಕ್ಷರದವರೆಗೂ ಒಂದೇ ಇರ್ಬೇಕು, ಅಷ್ಟೇ.

ಸಾಗರದವ: ಅಷ್ಟೇನಾ? ಇಮೊಬಿಲೈಝರ್ (ಬೇರೆ ಕೀ ಹಾಕಿದ್ರೆ ಸ್ಟಾರ್ಟ್ ಆಗದ ಹಾಗೆ ತಡೆಯೋ ಸಾಧನ) ಇರೋ ಗಾಡಿ ಆದ್ರೆ ನಂಬರ್ ಒಂದೇ ಆದ್ರೂ ಸ್ಟಾರ್ಟ್ ಆಗಲ್ಲ. ಆ ಇಸಿಎಂ ಬೇರೆ ಗಾಡಿಯ ಕೋಡಿಗೆ ಕಾಯ್ತಿರ್ತದೆ. ದುಡ್ಡು ಕಳ್ಕೊಂಡು ಕಲ್ತಿದ್ದು ಇದು.

ಗ್ಯಾರೇಜ್ ಶಿವಮೊಗ್ಗ: ದುಡ್ಡು ಹೋಗಿದ್ದು ನೀವು ಸೆಟ್ ತರದೆ ಇದ್ದಿದ್ದಕ್ಕೆ. ಇಸಿಎಂ, ಇಮೊಬಿಲೈಝರ್, ಕೀ ಮೂರೂ ಒಂದೇ ಗಾಡಿದು ತರ್ಬೇಕು. ಆಗುಂಬೆ ಕಡೆ ಗಾಡಿಗಳಲ್ಲಿ ಕನೆಕ್ಟರ್ ಪಿನ್ನೆಲ್ಲ ಕಿಲುಬು ಹಿಡಿದಿರ್ತವೆ, ರಾಜ್ಯದಲ್ಲೇ ಜಾಸ್ತಿ ಮಳೆ ಅಲ್ಲಿ.

ಹೊಸನಗರದವ: ರಾಜ್ಯದಲ್ಲೇ ಜಾಸ್ತಿ ಅನ್ನೋದು ಯಾವ ಕಾಲದ ಮಾತು? ಎಷ್ಟೋ ವರ್ಷ ನಮ್ಮ ಹುಲಿಕಲ್ಲೇ ಮುಂದೆ.

ಮೇಗರವಳ್ಳಿ: 1946ರ ಆಗಸ್ಟ್ ಒಂದೇ ತಿಂಗಳು ಆಗುಂಬೆಯಲ್ಲಿ 4,508 ಮಿ.ಮೀ. ಬಿದ್ದಿದೆ. ಹುಲಿಕಲ್ಲಿನ ಒಂದು ತಿಂಗಳ ಲೆಕ್ಕ ಇಷ್ಟಿದ್ರೆ ತೋರ್ಸಿ.

ಹೊಸನಗರದವ: ಒಂದು ತಿಂಗಳು ಯಾರಿಗೆ ಬೇಕು ಮಾರಾಯ್ರೆ? ಇಡೀ ವರ್ಷದ್ದು ಹೇಳಿ.

ಮೇಗರವಳ್ಳಿ: ಇಡೀ ವರ್ಷದ್ದೇ ಆದ್ರೆ ಎಷ್ಟು ವರ್ಷದ ಸರಾಸರಿ? ನಾಲ್ಕು ಮಳೆಗಾಲ ಇಟ್ಕೊಂಡು ಆಗುಂಬೆ ಹೆಸರು ಅಳಿಸಕ್ಕೆ ಬರಬೇಡಿ.

ಹೊಸನಗರದವ: ಹೆಸರು ಅಳಿಸೋದಲ್ಲ. ಹೆಸರು ನಿಮ್ಗೆ, ಮಳೆ ನಮ್ಗೆ. ರಸ್ತೆ, ಕರೆಂಟು ಕೇಳಕ್ಕೆ ಹೋದ್ರೆ ಹುಲಿಕಲ್ ಎಲ್ಲಿದೆ ಅಂತಾರೆ. ಅದಕ್ಕೇ ಸಿಟ್ಟು.

ಸಾಗರದವ: ಕಿಲುಬು ಅಂದ್ರಲ್ಲ, ನನ್ನ ಮಾತೂ ಅದೇ. ಕಿಲುಬು ವೈರಿಂಗಲ್ಲಿದ್ರೆ ಇಸಿಎಂ ಬದಲಾಯಿಸಿ ಏನು ಬಂತು? ಮೊದ್ಲು ಅರ್ತ್ ಪಾಯಿಂಟ್ ಬಿಚ್ಚಿ ಉಜ್ಜಿ. ಆಮೇಲೆ ಸೆನ್ಸರ್ ವೈರಿಗೆ 5 ವೋಲ್ಟ್ ಬರ್ತಿದೆಯಾ ನೋಡಿ.

ಗ್ಯಾರೇಜ್ ಶಿವಮೊಗ್ಗ: 5 ವೋಲ್ಟ್ ಬಂದ್ರೂ ಇಸಿಎಂ ಒಳಗೆ ಇಂಜೆಕ್ಟರ್ ಡ್ರೈವರ್ (ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ನಡೆಸೋ ಸರ್ಕ್ಯೂಟ್) ಸುಟ್ಟಿರ್ಬಹುದು. ಮೀಟರ್ ಹಿಡಿದೋರೆಲ್ಲ ಮೆಕ್ಯಾನಿಕ್ ಅಲ್ಲ.

ಸಾಗರದವ: ಇರ್ಬಹುದು, ಇರ್ಬಹುದು ಅಂತಾನೇ ಜನರ ಕೈಲಿ ಸಾವಿರಾರು ಖರ್ಚು ಮಾಡಿಸೋದು ನೀವು.

ತೀರ್ಥಹಳ್ಳಿಯವ: ಅರ್ತ್ ಬೋಲ್ಟ್ ಬಿಚ್ಚಿಸಿದೆ, ಪೂರ್ತಿ ತುಕ್ಕು. ಉಜ್ಜಿ ಹಾಕಿದ ಮೇಲೆ ನಿನ್ನೆ ಶಿವಮೊಗ್ಗಕ್ಕೆ ಹೋಗಿ ಬಂದ್ವಿ. ಮಂಡಗದ್ದೆ ಹತ್ರ ಒಂದ್ಸಲ ಆಫ್ ಆಯ್ತು.

ಗ್ಯಾರೇಜ್ ಶಿವಮೊಗ್ಗ: ಆಫ್ ಆಯ್ತಲ್ಲ! ಸೆಟ್ ತರ್ಸಿ.

ಸಾಗರದವ: ಒಂದೇ ಸಲ ಅಂದಿದ್ದಾರೆ, ಓದಿ. ಕನೆಕ್ಟರ್ ಇನ್ನೂ ಬಿಚ್ಚಿಲ್ಲ.

ಮೇಗರವಳ್ಳಿ: ಹುಲಿಕಲ್ ಲೆಕ್ಕ ಇನ್ನೂ ಬಂದಿಲ್ಲ.